ಕಹಿಯಾಗದ ಮನಸ್ಸು: ಶಿಲುಬೆಯ ಸಂತ ಯೊವಾನ್ನರ ಬಾಳು

ಡಿಸೆಂಬರ್ ತಿಂಗಳ ಎರಡನೆಯ ವಾರವೆಂದರೆ ನಮ್ಮ ಮನೆಗಳಲ್ಲಿ ಕುಸ್ವಾರಿನ ಸಿದ್ಧತೆ, ಗೋದಲಿ ಕಟ್ಟುವ ಮಕ್ಕಳ ಗದ್ದಲ, ದೂರದ ಊರುಗಳಿಂದ ಬರುವವರ ನಿರೀಕ್ಷೆ. ಈ ಗಡಿಬಿಡಿಯ ನಡುವೆ 14ನೆಯ ತಾರೀಖಿನಂದು ಒಬ್ಬ ಸಂತರ ಸ್ಮರಣೆ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ. ಅವರ ಹೆಸರಿನಲ್ಲಿ ನಮ್ಮಲ್ಲಿ ಜಾತ್ರೆಯಿಲ್ಲ, ಮೆರವಣಿಗೆಯಿಲ್ಲ. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗುವ ಸಾವಿರಾರು ಭಕ್ತರಲ್ಲಿ, ಅಲ್ಲಿಯ ಕಾರ್ಮೆಲ್ ಗುರುಗಳ ಪರಂಪರೆಗೆ ಮೂಲಪುರುಷರು ಈ ಸಂತರೇ ಎಂಬುದನ್ನು ಬಲ್ಲವರು ಎಷ್ಟು ಮಂದಿಯೋ! ಕಂಕನಾಡಿಯಲ್ಲಿ 1870ರಲ್ಲಿ ಸ್ಥಾಪನೆಯಾದ ಕಾರ್ಮೆಲ್ ಮಠದ ಗೋಡೆಯ ಆಚೆ ಮೌನವ್ರತದಲ್ಲಿ ಬಾಳುವ ಸನ್ಯಾಸಿನಿಯರಿಗೂ ಅವರೇ ಆಧ್ಯಾತ್ಮಿಕ ಪಿತ. ಅವರು ಶಿಲುಬೆಯ ಸಂತ ಯೊವಾನ್ನರು.

ಈ ಸಂತರನ್ನು ಈಗ ನೆನೆಯುವುದಕ್ಕೆ ನನಗೊಂದು ಕಾರಣವಿದೆ. ನಮ್ಮ ಕುಟುಂಬಗಳನ್ನು ಇತ್ತೀಚೆಗೆ ಹೊಕ್ಕಿರುವ ರೋಗ ನಾಸ್ತಿಕತೆಯಲ್ಲ. ನಾಸ್ತಿಕನಾದರೋ ಕೊನೆಯ ಪಕ್ಷ ದೇವರೊಡನೆ ಜಗಳವಾಡುತ್ತಾನೆ. ನಮ್ಮ ರೋಗ ಸಿನಿಕತನ. ಭಾನುವಾರದ ಬಲಿಪೂಜೆಗೆ ತಪ್ಪದೆ ಬರುವ, ಮಕ್ಕಳಿಗೆ ಜ್ಞಾನಸ್ನಾನ ದೃಢೀಕರಣಗಳನ್ನು ಕ್ರಮವಾಗಿ ಮಾಡಿಸುವ ಮನುಷ್ಯನೇ ಊಟಕ್ಕೆ ಕುಳಿತಾಗ ಇಗರ್ಜಿಯ ಲೆಕ್ಕಪತ್ರ, ಪಾಲನಾ ಪರಿಷತ್ತಿನ ಚುನಾವಣೆ, ಗುರುಗಳ ವರ್ಗಾವಣೆಯ ಒಳಗುಟ್ಟು ಇವನ್ನೆಲ್ಲ ಒಂದು ಬಗೆಯ ನಗೆಯೊಡನೆ ವಿವರಿಸುತ್ತಾನೆ. ಮಕ್ಕಳು ಕೇಳುತ್ತಾ ಕುಳಿತಿರುತ್ತಾರೆ. ಅವನು ಹೇಳುವುದೆಲ್ಲ ಸುಳ್ಳು ಎಂದು ನಾನು ವಾದಿಸಲಾರೆ. ಅದರಲ್ಲಿ ನಿಜವೂ ಇದೆ, ಕೆಲವೊಮ್ಮೆ ಅವನಿಗೆ ಗೊತ್ತಿರುವುದಕ್ಕಿಂತಲೂ ಹೆಚ್ಚು ನಿಜವಿದೆ. ಕಷ್ಟವಿರುವುದೂ ಅಲ್ಲಿಯೇ.

ಸಿನಿಕತನವೆಂಬ ಪದ ಹುಟ್ಟಿದ್ದು ಪ್ರಾಚೀನ ಗ್ರೀಸಿನಲ್ಲಿ. ನಾಯಿ ಎಂಬ ಅರ್ಥದ ಶಬ್ದದಿಂದ ಬಂದ ಹೆಸರು ಅದು. ಡಯೋಜಿನಿಸನಂಥ ಆ ಕಾಲದ ಸಿನಿಕರು ಸಂಪತ್ತನ್ನೂ ಕೀರ್ತಿಯನ್ನೂ ಬಿಟ್ಟು ಬೀದಿಯಲ್ಲಿ ಬದುಕಿದವರು. ಅವರಲ್ಲಿ ಒಂದು ವ್ರತವಿತ್ತು. ಇಂದಿನ ಸಿನಿಕ ಏನನ್ನೂ ಬಿಟ್ಟವನಲ್ಲ, ನಂಬುವ ಶ್ರಮವೊಂದನ್ನು ಮಾತ್ರ ಬಿಟ್ಟವನು. ಧರ್ಮಸಭೆಯೊಳಗಿನ ದೋಷಗಳನ್ನು ಅತ್ಯಂತ ಹತ್ತಿರದಿಂದ, ತನ್ನ ಮೈಮೇಲೆಯೇ ಅನುಭವಿಸಿಯೂ ಆ ದಾರಿಗಿಳಿಯದ ಒಬ್ಬರ ಬದುಕನ್ನು ನೋಡುವುದು ಹತ್ತು ಉಪದೇಶಗಳಿಗಿಂತ ಮೇಲೆಂದು ನನಗನಿಸುತ್ತದೆ.

ಸ್ಪೇನ್ ದೇಶದ ಕಾಸ್ತಿಲ್ ಪ್ರಾಂತ್ಯದ ಫೊಂತಿವೇರೋಸ್ ಎಂಬ ಹಳ್ಳಿಯಲ್ಲಿ 1542ರಲ್ಲಿ ಅವರು ಹುಟ್ಟಿದರು. ತಂದೆ ಗೊನ್ಸಾಲೊ ರೇಷ್ಮೆ ವ್ಯಾಪಾರಿಗಳ ಮನೆತನದವರು. ಕತಲಿನಾ ಎಂಬ ಬಡ ನೇಕಾರ ಹೆಣ್ಣನ್ನು ಪ್ರೀತಿಸಿ ಮದುವೆಯಾದ ತಪ್ಪಿಗೆ ಮನೆತನದವರು ಅವರನ್ನು ಹೊರಹಾಕಿದರು. ಲೆಕ್ಕ ಬರೆಯುತ್ತಿದ್ದ ಕೈ ಮಗ್ಗದ ಲಾಳಿ ಹಿಡಿಯಬೇಕಾಯಿತು. ಯೊವಾನ್ನರು ಇನ್ನೂ ಶಿಶುವಾಗಿದ್ದಾಗಲೇ ತಂದೆ ಕಾಲವಾದರು. ವಿಧವೆ ತಾಯಿ ಮಕ್ಕಳನ್ನು ಕರೆದುಕೊಂಡು ಗಂಡನ ಬಂಧುಗಳ ಬಾಗಿಲು ತಟ್ಟಲು ದೂರದ ತೊಲೇದೊ ಸೀಮೆಗೆ ನಡೆದರು. ಆ ಬಂಧುಗಳಲ್ಲಿ ಒಬ್ಬರು ಧರ್ಮಸಭೆಯಲ್ಲಿ ಉನ್ನತ ಪದವಿಯಲ್ಲಿದ್ದ ಗುರು. ಅವರು ಸಹಾಯ ಮಾಡಲಿಲ್ಲ. ನೆರವಾಗಲು ಒಪ್ಪಿದ್ದು ಒಬ್ಬ ವೈದ್ಯ ಬಂಧು. ಹಿರಿಯ ಮಗ ಫ್ರಾನ್ಸಿಸ್ಕೊನನ್ನು ಅವರ ಮನೆಯಲ್ಲಿ ಬಿಟ್ಟರೂ ಆ ಏರ್ಪಾಡು ಬಹಳ ಕಾಲ ನಡೆಯಲಿಲ್ಲ. ನಡುವಿನ ಮಗ ಲುಯಿಸ್ ಬಡತನದ ಆ ವರ್ಷಗಳಲ್ಲಿಯೇ ತೀರಿಕೊಂಡ. ಹೀಗೆ ನಮ್ಮ ಸಂತರ ಬದುಕಿನಲ್ಲಿ ಧರ್ಮಸಭೆಯ ಅಧಿಕಾರಿಯೊಬ್ಬರ ಮೊದಲ ದರ್ಶನವಾದದ್ದು ಮುಚ್ಚಿದ ಬಾಗಿಲಿನ ರೂಪದಲ್ಲಿ.

ಕೊನೆಗೆ ತಾಯಿ ಮೆದೀನಾ ದೆಲ್ ಕಾಂಪೊ ಎಂಬ ಸಂತೆಯ ಪಟ್ಟಣದಲ್ಲಿ ನೆಲೆ ನಿಂತರು. ಬಡ ಮಕ್ಕಳ ಶಾಲೆಯಲ್ಲಿ ಯೊವಾನ್ನರಿಗೆ ಮರಗೆಲಸ, ಹೊಲಿಗೆ, ಕೆತ್ತನೆ, ಬಣ್ಣ ಹಚ್ಚುವ ಕೆಲಸ ಎಲ್ಲವನ್ನೂ ಕಲಿಸಿ ನೋಡಿದರು, ಯಾವುದೂ ಹತ್ತಲಿಲ್ಲ. ಆಗ ಗುಹ್ಯರೋಗದವರ ಆಸ್ಪತ್ರೆಯೊಂದರಲ್ಲಿ ಅವರಿಗೆ ಚಾಕರಿ ದೊರೆಯಿತು. ಲೋಕವು ಮೂಗು ಮುಚ್ಚಿಕೊಂಡು ದೂರವಿಟ್ಟಿದ್ದ ರೋಗಿಗಳ ಹುಣ್ಣು ತೊಳೆಯುವುದು, ಅವರಿಗಾಗಿ ಬೀದಿಯಲ್ಲಿ ಭಿಕ್ಷೆ ಎತ್ತುವುದು, ಉಳಿದ ಹೊತ್ತಿನಲ್ಲಿ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಲ್ಯಾಟಿನ್ ಓದುವುದು ಹೀಗೆ ಅವರ ತಾರುಣ್ಯ ಕಳೆಯಿತು. ಆಸ್ಪತ್ರೆಯ ಗುರುವಾಗಿ ಉಳಿಯುವಂತೆ ಅವರಿಗೆ ಆಹ್ವಾನವಿತ್ತು. ಮನೆಯ ಬಡತನ ನೀಗುವ ದಾರಿ ಅದು. ಅವರು ಅದನ್ನು ಬಿಟ್ಟು 1563ರಲ್ಲಿ ಕಾರ್ಮೆಲ್ ಸಭೆಯನ್ನು ಸೇರಿದರು.

ಮುಂದಿನ ನಾಲ್ಕು ವರ್ಷ ಸಾಲಮಾಂಕಾ ವಿಶ್ವವಿದ್ಯಾಲಯ. ಆಗಿನ ಯುರೋಪಿನ ಶ್ರೇಷ್ಠ ವಿದ್ಯಾಪೀಠಗಳಲ್ಲಿ ಅದೊಂದು. ಅಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿ 1567ರಲ್ಲಿ ಗುರುದೀಕ್ಷೆ ಪಡೆದರು. ಆದರೆ ತಮ್ಮ ಸಭೆಯಲ್ಲಿ ಮೂಲ ನಿಯಮದ ಬಿಗಿ ಸಡಿಲವಾಗಿತ್ತೆಂಬ ಕೊರಗು ಅವರಲ್ಲಿತ್ತು. ಅವರು ಯಾರನ್ನೂ ದೂರದೆ, ಹೆಚ್ಚು ಏಕಾಂತವಿದ್ದ ಕಾರ್ಥೂಸಿಯನ್ ಮಠಕ್ಕೆ ಹೊರಟುಹೋಗುವ ವಿಚಾರದಲ್ಲಿದ್ದರು. ಆಗ ಮೆದೀನಾಕ್ಕೆ ಬಂದಿದ್ದ ಆವಿಲಾದ ಮಾತೆ ತೆರೇಸಾ ಅವರನ್ನು ಕರೆಸಿ ಮಾತನಾಡಿಸಿದರು. ತೆರೇಸಾರಿಗೆ 52 ವರ್ಷ, ಈ ಕುಳ್ಳ ಯುವಗುರುವಿಗೆ 25. ಸನ್ಯಾಸಿನಿಯರ ನಡುವೆ ತಾನು ಆರಂಭಿಸಿದ್ದ ಸುಧಾರಣೆಯನ್ನು ಗುರುಗಳ ನಡುವೆಯೂ ಆರಂಭಿಸಲು ಆಕೆ ಜನ ಹುಡುಕುತ್ತಿದ್ದರು. ಯೊವಾನ್ನರು ಒಪ್ಪಿದರು, ಬಹಳ ಕಾಲ ಕಾಯಿಸಬಾರದೆಂಬ ಒಂದೇ ಷರತ್ತಿನ ಮೇಲೆ. ಎತ್ತರದ ಆಳು ಅಂತೋನಿಯೊ ಮತ್ತು ಈ ಗಿಡ್ಡ ಯೊವಾನ್ನ ಇಬ್ಬರನ್ನು ಸೇರಿಸಿ ತನಗೆ ಒಂದೂವರೆ ಸನ್ಯಾಸಿ ಸಿಕ್ಕಿದರೆಂದು ಮಾತೆ ತಮಾಷೆ ಮಾಡಿದ್ದುಂಟು.

1568ರ ನವೆಂಬರ್ 28ರಂದು ದುರುವೇಲೊ ಎಂಬ ಕುಗ್ರಾಮದ ಹಾಳು ಬಿದ್ದ ತೋಟದ ಮನೆಯೊಂದರಲ್ಲಿ ಬರಿಗಾಲಿನ ಕಾರ್ಮೆಲ್ ಗುರುಗಳ ಮೊದಲ ಮಠ ಆರಂಭವಾಯಿತು. ಅಂತೋನಿಯೊ ಆ ಮಠಕ್ಕೆಂದು ತಂದದ್ದು ಐದು ಮರಳುಗಡಿಯಾರಗಳನ್ನು. ಮಲಗಲು ಹಾಸಿಗೆ ಇರಲಿಲ್ಲ, ಪ್ರಾರ್ಥನೆಯ ಹೊತ್ತು ಮಾತ್ರ ತಪ್ಪಬಾರದು! ಮಾತೆ ತೆರೇಸಾ ಈ ಸಂಗತಿಯನ್ನು ನಗುತ್ತಾ ಬರೆದಿಟ್ಟಿದ್ದಾರೆ. ಮಳೆ ಹಿಮಗಳು ಒಳಗೆ ಸುರಿಯುತ್ತಿದ್ದ ಆ ಮಾಡಿನ ಕೆಳಗೆ ಯೊವಾನ್ನರು ಸುಖವಾಗಿಯೇ ಇದ್ದರೆಂದು ತೋರುತ್ತದೆ.

ಸುಧಾರಣೆ ಬೆಳೆದಂತೆ ಜಗಳವೂ ಬೆಳೆಯಿತು. ಇಲ್ಲಿ ನಾವು ನ್ಯಾಯವಾಗಿ ನೋಡಬೇಕು. ಹಳೆಯ ಸಭೆಯವರು ರಾಕ್ಷಸರಾಗಿರಲಿಲ್ಲ. 1575ರಲ್ಲಿ ಇಟಲಿಯ ಪಿಯಾಚೆಂತ್ಸಾದಲ್ಲಿ ಸೇರಿದ್ದ ಸಭೆಯ ಮಹಾಅಧಿವೇಶನ ಬರಿಗಾಲಿನವರನ್ನು ಕಟ್ಟುನಿಟ್ಟಾಗಿ ಹದ್ದಿನಲ್ಲಿಡಲು ತೀರ್ಮಾನಿಸಿತ್ತು. ಆ ತೀರ್ಮಾನದ ಪ್ರಕಾರ ಯೊವಾನ್ನರು ಅವಿಧೇಯರು. ಇತ್ತ ಯೊವಾನ್ನರಾದರೋ ಪೋಪರ ರಾಯಭಾರಿಯ ಅನುಮತಿಯಂತೆ ಆವಿಲಾದಲ್ಲಿ ನೂರಕ್ಕೂ ಮಿಕ್ಕಿ ಸನ್ಯಾಸಿನಿಯರಿದ್ದ ದೊಡ್ಡ ಕನ್ಯಾಮಠಕ್ಕೆ 1572ರಿಂದ ಪಾಪನಿವೇದನೆಯ ಗುರುವಾಗಿದ್ದರು. ಇಬ್ಬರ ಕೈಯಲ್ಲೂ ಕಾನೂನಿತ್ತು. ಎರಡೂ ಕಡೆಯವರು ವಿಧೇಯತೆಯ ಹೆಸರು ಹೇಳಿಕೊಂಡು ಹೊಡೆದಾಡುವ ಪ್ರಸಂಗಗಳು ಧರ್ಮಸಭೆಯ ಚರಿತ್ರೆಗೆ ಹೊಸದೇನಲ್ಲ. ಆ ರಾಯಭಾರಿ 1577ರಲ್ಲಿ ನಿಧನರಾದರು. ಹೊಸದಾಗಿ ಬಂದವರು ಸುಧಾರಣೆಯ ವಿರೋಧಿ.

ಅದೇ ವರ್ಷ ಡಿಸೆಂಬರ್ 2ರ ರಾತ್ರಿ ಹಳೆಯ ಸಭೆಯವರು ಆಯುಧ ಹಿಡಿದ ಜನರೊಡನೆ ಬಂದು ಯೊವಾನ್ನರನ್ನೂ ಅವರ ಸಂಗಾತಿಯನ್ನೂ ಹಿಡಿದೊಯ್ದರು. ಮಾತೆ ತೆರೇಸಾ ಎರಡೇ ದಿನದಲ್ಲಿ ದೊರೆ ಎರಡನೆಯ ಫಿಲಿಪನಿಗೆ ಪತ್ರ ಬರೆದು ಮೊರೆಯಿಟ್ಟರು. ಆದರೆ ಯೊವಾನ್ನರನ್ನು ಎಲ್ಲಿಟ್ಟಿದ್ದಾರೆಂಬುದೇ ಹೊರಗೆ ತಿಳಿಯಲಿಲ್ಲ. ಅವರನ್ನಿಟ್ಟದ್ದು ತೊಲೇದೊ ಪಟ್ಟಣದ ಕಾರ್ಮೆಲ್ ಮಠದಲ್ಲಿ.

ಆ ಕೋಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆರು ಅಡಿ ಅಗಲ, ಹತ್ತು ಅಡಿ ಉದ್ದ. ಹಿಂದೆ ಅದು ಅತಿಥಿಗಳ ಕೋಣೆಗೆ ಹೊಂದಿಕೊಂಡ ಶೌಚದ ಮೂಲೆಯಾಗಿತ್ತು. ಕಿಟಕಿಯಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಬೆರಳುಗಳಷ್ಟು ಅಗಲದ ಒಂದು ಸೀಳು, ಅದೂ ತೆರೆದುಕೊಂಡಿದ್ದು ಒಳಗಿನ ಹಜಾರಕ್ಕೆ. ಮಧ್ಯಾಹ್ನದ ಹೊತ್ತು ಅಲ್ಲಿಂದ ಇಳಿಯುವ ಬೆಳಕಿಗೆ ಪೀಠದ ಮೇಲೆ ಹತ್ತಿ ನಿಂತು ಪ್ರಾರ್ಥನಾ ಗ್ರಂಥವನ್ನು ಓದಬೇಕು. ಚಳಿಗಾಲದಲ್ಲಿ ಹೆಪ್ಪುಗಟ್ಟಿಸುವ ಥಂಡಿ, ಬೇಸಿಗೆಯಲ್ಲಿ ಉಸಿರುಗಟ್ಟಿಸುವ ಸೆಕೆ. ಊಟಕ್ಕೆ ರೊಟ್ಟಿ, ನೀರು, ಒಮ್ಮೊಮ್ಮೆ ಬೂತಾಯಿ ಮೀನು. ತಿಂಗಳುಗಟ್ಟಲೆ ಉಟ್ಟ ಬಟ್ಟೆಯನ್ನು ಬದಲಾಯಿಸಲು ಬಿಡಲಿಲ್ಲ. ಶುಕ್ರವಾರಗಳಂದು ಭೋಜನಶಾಲೆಗೆ ಕರೆದೊಯ್ದು ನೆಲದ ಮೇಲೆ ಕೂರಿಸಿ ಊಟ. ಬಳಿಕ ಬೆನ್ನು ಬಿಚ್ಚಿಸಿ, ಮಠದ ಸನ್ಯಾಸಿಗಳು ಸುತ್ತ ನಡೆಯುತ್ತಾ ಒಬ್ಬೊಬ್ಬರಾಗಿ ಚಾಟಿಯಿಂದ ಹೊಡೆಯುತ್ತಿದ್ದರು. ಹಾಗೆ ಹೊಡೆಯುವಾಗ ಅವರು ಪಶ್ಚಾತ್ತಾಪದ ಕೀರ್ತನೆಯನ್ನು ಹೇಳುತ್ತಿದ್ದರೆಂಬುದನ್ನು ಯೋಚಿಸಿದರೆ ಮೈ ನಡುಗುತ್ತದೆ. ಆ ಗಾಯಗಳು ಸಾಯುವ ತನಕ ಅವರ ಹೆಗಲ ಮೇಲೆ ಗುರುತಾಗಿ ಉಳಿದಿದ್ದವು. ಬಾಗಿಲ ಹೊರಗೆ ನಿಂತವರು, ಸುಧಾರಣೆ ಮುರಿದುಬಿದ್ದಿತು, ಎಲ್ಲರೂ ಕೈಬಿಟ್ಟರು ಎಂದು ಅವರಿಗೆ ಕೇಳಿಸುವಂತೆಯೇ ಮಾತನಾಡಿಕೊಳ್ಳುತ್ತಿದ್ದರು. ಬಲಿಪೂಜೆ ಅರ್ಪಿಸಲು ಒಂದು ದಿನವೂ ಅವಕಾಶವಿರಲಿಲ್ಲ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕಾದರೂ ಅನುಮತಿ ಬೇಕೆಂದು ಕೇಳಿದಾಗ, ತಾನಿರುವವರೆಗೆ ಅದು ಆಗದು ಎಂದು ಮಠಾಧಿಪತಿ ನಿರಾಕರಿಸಿದರು.

ಓದುಗರೇ, ಇದನ್ನೆಲ್ಲ ಮಾಡಿದವರು ಧರ್ಮದ ವೈರಿಗಳಲ್ಲ. ಒಂದೇ ಸಭೆಯವರು, ಒಂದೇ ಮಾತೆಯ ಉಡುಪನ್ನು ಧರಿಸಿದವರು. ಸಿನಿಕತನಕ್ಕೆ ಇದಕ್ಕಿಂತ ಹದವಾದ ನೆಲ ಬೇರೆಲ್ಲಿದೆ?

ಆ ನೆಲದಲ್ಲಿ ಬೆಳೆದದ್ದು ಕವಿತೆ. ಮೊದಲು ಮನಸ್ಸಿನಲ್ಲಿಯೇ ಕಟ್ಟಿ, ಬಾಯಿಪಾಠ ಮಾಡಿಕೊಂಡು, ಸುಮಾರು ಆರು ತಿಂಗಳ ಮೇಲೆ ಬಂದ ದಯಾಳುವಾದ ಹೊಸ ಕಾವಲುಗಾರ ಸನ್ಯಾಸಿ ಕಾಗದ ಮಸಿಗಳನ್ನು ತಂದುಕೊಟ್ಟಾಗ ಬರೆದಿಟ್ಟರು. ಕಳೆದುಹೋದ ಪ್ರಿಯನನ್ನು ಬೆಟ್ಟ ಕಾಡುಗಳಲ್ಲಿ ಅರಸುತ್ತಾ ಹೋಗುವ ವಧುವಿನ ಹಾಡು, ರಾತ್ರಿಯಲ್ಲಿಯೂ ಹರಿಯುವುದನ್ನು ನಿಲ್ಲಿಸದ ಒಂದು ಚಿಲುಮೆಯ ಹಾಡು, ಬಾಬಿಲೋನಿನ ಸೆರೆಯ ಕೀರ್ತನೆಯನ್ನಾಧರಿಸಿದ ಗೀತೆ ಇವು ಆ ಕೋಣೆಯಲ್ಲಿ ಹುಟ್ಟಿದವು. ಸ್ಪ್ಯಾನಿಷ್ ಭಾಷೆಯ ಮಹಾಕವಿಗಳ ಸಾಲಿನಲ್ಲಿ ಅವರನ್ನು ಇಂದಿಗೂ ಎಣಿಸುವುದು ಮುಖ್ಯವಾಗಿ ಈ ಕೆಲವೇ ಪುಟಗಳ ಬಲದಿಂದ. ನನಗೆ ಆಶ್ಚರ್ಯವೆನಿಸುವುದು ಈ ಹಾಡುಗಳಲ್ಲಿ ಇಲ್ಲದಿರುವ ಸಂಗತಿ. ಅವುಗಳಲ್ಲಿ ಚಾಟಿಯಿಲ್ಲ, ಮಠಾಧಿಪತಿಯಿಲ್ಲ, ತನಗಾದ ಅನ್ಯಾಯದ ಲೆಕ್ಕವಿಲ್ಲ. ದೂರಬೇಕಾದದ್ದು ಇರಲಿಲ್ಲವೆಂದಲ್ಲ. ಅವರ ಹುಡುಕಾಟ ಬೇರೆಯದಾಗಿತ್ತು.

ಹಾಗೆಂದು ಅವರು ಅನ್ಯಾಯಕ್ಕೆ ಕೈಮುಗಿದು ಕುಳಿತರೆಂದು ತಿಳಿಯಬಾರದು. ಅವರು ತಪ್ಪಿಸಿಕೊಂಡರು! ದಿನವೂ ಸ್ವಲ್ಪ ಸ್ವಲ್ಪವಾಗಿ ಬೀಗದ ತಿರುಪುಗಳನ್ನು ಸಡಿಲಿಸಿ, ಹಳೆಯ ಕಂಬಳಿಗಳನ್ನು ಸೀಳಿ ಹೊಲಿದು ಹಗ್ಗ ಮಾಡಿಕೊಂಡು, 1578ರ ಆಗಸ್ಟ್ ತಿಂಗಳ ನಡುವೆ, ಸ್ವರ್ಗಸ್ವೀಕಾರದ ಹಬ್ಬದ ದಿನಗಳಲ್ಲೇ ಒಂದು ರಾತ್ರಿ, ತಾಹೊ ನದಿಯ ಕಡೆಗಿನ ಎತ್ತರದ ಕಿಟಕಿಯಿಂದ ಇಳಿದರು. ಅದಕ್ಕೆ ಮೊದಲು ಆ ದಯಾಳು ಕಾವಲುಗಾರನಲ್ಲಿ ಕ್ಷಮೆ ಕೇಳಿ, ತಮ್ಮಲ್ಲಿದ್ದ ಒಂದೇ ಒಂದು ಬೆಲೆಯುಳ್ಳ ವಸ್ತುವಾದ ಪುಟ್ಟ ಶಿಲುಬೆಯನ್ನು ಅವನಿಗೆ ಕೊಟ್ಟಿದ್ದರು. ಬೆಳಗಾಗುತ್ತಲೇ ತೆರೇಸಾರ ಸನ್ಯಾಸಿನಿಯರ ಮಠದ ಬಾಗಿಲಲ್ಲಿ ಬಂದು ನಿಂತಾಗ ಅವರಲ್ಲಿ ನಿಲ್ಲುವ ತ್ರಾಣವೂ ಇರಲಿಲ್ಲ. ಒಳಗೆ ಗಂಡಸರು ಕಾಲಿಡುವಂತಿಲ್ಲ. ಆದರೆ ಒಬ್ಬ ಸಹೋದರಿ ಅಸ್ವಸ್ಥರಾಗಿ ಪಾಪನಿವೇದನೆ ಬಯಸಿದ್ದರಿಂದ ಗುರುವೊಬ್ಬರು ಒಳಹೋಗಲು ನಿಯಮವೇ ದಾರಿ ಮಾಡಿಕೊಟ್ಟಿತು. ಹುಡುಕಿಕೊಂಡು ಬಂದವರು ಬರಿಗೈಯಲ್ಲಿ ಮರಳಿದರು. ಸಹೋದರಿಯರು ದಾಲ್ಚಿನ್ನಿ ಹಾಕಿ ಬೇಯಿಸಿದ ಪೇರ್ ಹಣ್ಣನ್ನು ತಿನ್ನಿಸಿ ಅವರನ್ನು ಉಪಚರಿಸಿದರು. ಆ ದಿನ ಅವರು ಮಾತನಾಡಿದ್ದು ಸೆರೆಮನೆಯ ಕಷ್ಟವನ್ನಲ್ಲ, ಕ್ಷೀಣ ಸ್ವರದಲ್ಲಿ ಅವರಿಗೆ ಹೇಳಿಕೊಟ್ಟದ್ದು ಆ ಕವಿತೆಗಳನ್ನು. ತನ್ನನ್ನು ಬಂಧಿಸಿದವರ ವಿಷಯದಲ್ಲಿ ಅವರು ಕೆಟ್ಟ ಮಾತಾಡಿದ್ದನ್ನು ತಾವು ಕೇಳಲಿಲ್ಲವೆಂದು, ಸರಿಯೆಂದು ತಿಳಿದೇ ಅವರು ಹಾಗೆ ಮಾಡಿದರೆಂದು ಸಮರ್ಥಿಸುತ್ತಿದ್ದರೆಂದು ಮುಂದೆ ಸಾಕ್ಷಿ ನುಡಿದವರಿದ್ದಾರೆ.

ನಂತರದ ಹತ್ತು ಹನ್ನೆರಡು ವರ್ಷಗಳನ್ನು ಬೇಗನೆ ದಾಟೋಣ. 1580ರಲ್ಲಿ ಬರಿಗಾಲಿನವರಿಗೆ ಪ್ರತ್ಯೇಕ ಪ್ರಾಂತ್ಯ ದೊರೆಯಿತು. ಯೊವಾನ್ನರು ಬಯೇಸಾದಲ್ಲಿ ವಿದ್ಯಾಮಠವೊಂದನ್ನು ಕಟ್ಟಿದರು, ಗ್ರನಾದಾದಲ್ಲಿ ಮಠಾಧಿಪತಿಯಾದರು, ಕಲ್ಲುಕೆಲಸದವರೊಡನೆ ತಾವೂ ದುಡಿದರು, ಸೆಗೋವಿಯಾದಲ್ಲಿ ಹೊಸ ಮಠ ಎಬ್ಬಿಸಿದರು. ಬಡ ನೇಕಾರನಾಗಿಯೇ ಉಳಿದಿದ್ದ ಅಣ್ಣ ಫ್ರಾನ್ಸಿಸ್ಕೊ ಹರಕು ಬಟ್ಟೆಯಲ್ಲಿ ನೋಡಲು ಬಂದಾಗ ಊರಿನ ದೊಡ್ಡವರಿಗೆಲ್ಲ ಹೆಮ್ಮೆಯಿಂದ ಅವರನ್ನು ಪರಿಚಯಿಸುತ್ತಿದ್ದರು. ತಾವು ಸೆರೆಯಲ್ಲಿ ಕಂಡುಂಡದ್ದನ್ನು ಶಾಸ್ತ್ರೀಯವಾಗಿ ವಿವರಿಸುವ ಗ್ರಂಥಗಳನ್ನು ಬರೆದದ್ದು ಮುಖ್ಯವಾಗಿ ಗ್ರನಾದಾದಲ್ಲಿ.

ಆ ಗ್ರಂಥಗಳನ್ನು ನಾನು ಗುರುಮಠದಲ್ಲಿ ಪರೀಕ್ಷೆಗಾಗಿ ಓದಿದ್ದೆ. ಸಾಕಷ್ಟು ಅಂಕಗಳೂ ಬಂದಿದ್ದವು. ಅರ್ಥವಾದದ್ದು ಮಾತ್ರ ಗುರುದೀಕ್ಷೆಯಾಗಿ ಎಷ್ಟೋ ವರ್ಷಗಳ ಮೇಲೆ. ಒಂದು ವಿವಾದದಲ್ಲಿ ಸಿಕ್ಕಿ ಮನಸ್ಸು ಮುರಿದು, ಪ್ರಾರ್ಥನಾ ಗ್ರಂಥವನ್ನು ಹಳೆಯ ವರ್ತಮಾನ ಪತ್ರಿಕೆಯಂತೆ ಓದುತ್ತಿದ್ದ ದಿನಗಳು ಅವು. ಆ ಬೇಸರದಲ್ಲಿ ನನಗೊಂದು ಸುಖವಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಸಮಾನಮನಸ್ಕರಾದ ಒಂದಿಬ್ಬರು ಗುರುಗಳು ಕೂಡಿದರೆ ಸಂಜೆಯ ಕಾಫಿಗೆ ಬೇರೆ ತಿಂಡಿ ಬೇಕಿರಲಿಲ್ಲ, ಇತರರ ಲೋಪಗಳೇ ಸಾಕಾಗುತ್ತಿದ್ದವು. ಆಗ ಮತ್ತೆ ಕೈಗೆ ಬಂದದ್ದು ಕಗ್ಗತ್ತಲ ರಾತ್ರಿಯನ್ನು ಕುರಿತ ಅವರ ಪುಸ್ತಕ.

ಅದರ ಮೊದಲ ಅಧ್ಯಾಯಗಳು ಭಕ್ತರ ದೋಷಗಳ ಪಟ್ಟಿಯೇ ಆಗಿವೆ. ತನ್ನ ಭಕ್ತಿಯನ್ನು ನೋಡಿ ತಾನೇ ಹಿಗ್ಗುವವರು, ಇತರರ ಭಕ್ತಿಯನ್ನು ಹಗುರಾಗಿ ಕಾಣುವವರು, ತಮ್ಮನ್ನು ಹೊಗಳುವ ಗುರುವನ್ನೇ ಪಾಪನಿವೇದನೆಗೆ ಆರಿಸಿಕೊಳ್ಳುವವರು, ಜಪಸರ ಮತ್ತು ಪಟಗಳನ್ನು ಒಡವೆಯಂತೆ ಕೂಡಿಡುವವರು, ಪ್ರಾರ್ಥನೆಯಲ್ಲಿ ಸವಿ ಸಿಗದಿದ್ದರೆ ಮಗುವಿನಂತೆ ಮುನಿಸಿಕೊಳ್ಳುವವರು ಎಲ್ಲರೂ ಅಲ್ಲಿದ್ದಾರೆ. ಯಾವ ಸಿನಿಕನೂ ಇಷ್ಟು ಹರಿತವಾಗಿ ನಮ್ಮನ್ನು ಬಯಲಿಗೆಳೆದಿಲ್ಲ. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಸಿನಿಕ ಪಟ್ಟಿ ಮುಗಿಸಿ ನಗುತ್ತಾನೆ. ಯೊವಾನ್ನರು ಪಟ್ಟಿ ಮುಗಿಸಿ, ಈ ಮಕ್ಕಳನ್ನು ದೇವರು ಹೇಗೆ ಬೆಳೆಸುತ್ತಾರೆಂದು ಹೇಳಲು ತೊಡಗುತ್ತಾರೆ. ತಾಯಿ ಕೂಸಿಗೆ ಮೊಲೆ ಬಿಡಿಸಲು ಎದೆಗೆ ಕಹಿ ಹಚ್ಚುವಂತೆ ದೇವರೂ ಭಕ್ತಿಯ ಸವಿಯನ್ನು ಕಸಿದುಕೊಳ್ಳುತ್ತಾರೆಂಬುದು ಅವರು ಕೊಡುವ ಹೋಲಿಕೆ. ನಮ್ಮ ಅಜ್ಜಿಯಂದಿರು ಬೇವಿನ ರಸ ಹಚ್ಚುತ್ತಿದ್ದುದನ್ನು ಬಲ್ಲವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಕೂಸಿಗೆ ಆ ಕ್ಷಣದಲ್ಲಿ ತಾಯಿಯೇ ಕಹಿಯಾದಳೆಂದು ತೋರುತ್ತದೆ. ತಾಯಿ ಅಲ್ಲಿಯೇ ಇದ್ದಾಳೆ.

ಹಾಗಾದರೆ ನನ್ನ ಬೇಸರವೂ ದೇವರು ಕಳುಹಿಸಿದ ರಾತ್ರಿಯೇ ಎಂದು ನಾನು ಸಮಾಧಾನಪಟ್ಟುಕೊಳ್ಳಲು ಹೊರಟಾಗ ಈ ಸಂತರು ನನ್ನನ್ನು ತಡೆದರು. ತರ್ಕಶಾಸ್ತ್ರ ಕಲಿತವರಲ್ಲವೇ! ಎರಡನ್ನೂ ಬೇರ್ಪಡಿಸಲು ಅವರು ಮೂರು ಗುರುತುಗಳನ್ನು ಕೊಟ್ಟಿದ್ದಾರೆ. ನಿಜವಾದ ರಾತ್ರಿಯಲ್ಲಿರುವವನಿಗೆ ದೇವರ ವಿಷಯದಲ್ಲಿಯೂ ಸವಿಯಿಲ್ಲ, ಲೋಕದ ಬೇರೆ ಯಾವ ವಿಷಯದಲ್ಲಿಯೂ ಸವಿಯಿಲ್ಲ. ಎರಡನೆಯದಾಗಿ, ತಾನು ದೇವರಿಗೆ ಸರಿಯಾಗಿ ಸೇವೆ ಸಲ್ಲಿಸುತ್ತಿಲ್ಲವೆಂಬ ನೋವು ಅವನನ್ನು ಬಿಡದೆ ಕಾಡುತ್ತದೆ. ಮೂರನೆಯದಾಗಿ, ಎಷ್ಟು ಪ್ರಯತ್ನಿಸಿದರೂ ಹಿಂದಿನಂತೆ ಧ್ಯಾನ ಮಾಡಲು ಅವನಿಂದಾಗುವುದಿಲ್ಲ. ನಾನು ನನ್ನನ್ನು ಪರೀಕ್ಷಿಸಿಕೊಂಡೆ. ಪ್ರಾರ್ಥನೆ ನೀರಸವಾಗಿತ್ತು, ಆದರೆ ಸಂಜೆಯ ಹರಟೆ ಬಹಳ ರುಚಿಯಾಗಿತ್ತು. ಕಾಡುತ್ತಿದ್ದ ನೋವು ದೇವರಿಗೆ ನಾನು ಮಾಡಿದ ಅನ್ಯಾಯದ ನೋವಲ್ಲ, ನನಗೆ ಇತರರು ಮಾಡಿದ ಅನ್ಯಾಯದ್ದು. ಪರೀಕ್ಷೆಯಲ್ಲಿ ಅಂಕ ಗಳಿಸಿದ್ದ ವಿಷಯದಲ್ಲಿಯೇ ನಾನು ಪೂರ್ತಿಯಾಗಿ ಅನುತ್ತೀರ್ಣನಾಗಿದ್ದೆ.

ದೇವರೆಂದು ನಾವು ತಿಳಿದದ್ದರಲ್ಲಿ ಎಷ್ಟೋ ದೇವರಲ್ಲ ಎಂಬುದು ಅವರ ತತ್ತ್ವದ ತಿರುಳು. ಭಕ್ತಿಯಲ್ಲಿ ಉಕ್ಕುವ ಕಣ್ಣೀರು ದೇವರಲ್ಲ. ಗುರುಗಳ ಮೇಲಿನ ಗೌರವ, ಸಭೆಯ ಮೇಲಿನ ಅಭಿಮಾನ, ಒಳ್ಳೆಯ ಕ್ರೈಸ್ತನೆಂದು ನಾಲ್ಕು ಜನ ಆಡುವ ಮಾತು ಇವೆಲ್ಲ ಊರುಗೋಲುಗಳು. ಅವು ಮುರಿದಾಗ ಸಿನಿಕ ದೇವರೇ ಮುರಿದುಬಿದ್ದರೆಂದು ಭಾವಿಸುತ್ತಾನೆ. ತೊಲೇದೊ ಕೋಣೆಯಲ್ಲಿ ಯೊವಾನ್ನರ ಊರುಗೋಲುಗಳೆಲ್ಲ ಒಂದೊಂದಾಗಿ ಮುರಿದಿದ್ದವು, ಬಲಿಪೂಜೆಯೂ ಸಹ ಇಲ್ಲವಾಗಿತ್ತು. ಉಳಿದದ್ದು ಬರಿಯ ವಿಶ್ವಾಸ. ಅದು ನಿಂತಿತು.

1591ರ ಬೇಸಿಗೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಬಂದಿತು, ಈ ಬಾರಿ ಹಳೆಯ ಸಭೆಯವರಿಂದಲ್ಲ, ತಾವೇ ಕಟ್ಟಿ ಬೆಳೆಸಿದ ಸುಧಾರಿತ ಸಭೆಯಿಂದ. ಆಗ ಅದರ ಮುಖ್ಯಸ್ಥರಾಗಿದ್ದ ನಿಕೊಲಾಸ್ ದೋರಿಯಾ ಸನ್ಯಾಸಿನಿಯರ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ, ತೆರೇಸಾರ ಆಪ್ತ ಸಹಾಯಕರಾಗಿದ್ದ ಗ್ರಾಸಿಯಾನ್ ಎಂಬ ಗುರುವನ್ನು ಹೊರದೂಡುವ ಹವಣಿಕೆಯಲ್ಲಿದ್ದರು. ಮಾದ್ರಿದಿನಲ್ಲಿ ಸೇರಿದ್ದ ಅಧಿವೇಶನದಲ್ಲಿ ಯೊವಾನ್ನರು ಎದ್ದು ನಿಂತು ವಿರೋಧಿಸಿದರು. ಪರಿಣಾಮವಾಗಿ ಅವರಿಗೆ ಯಾವ ಪದವಿಯೂ ಉಳಿಯಲಿಲ್ಲ. ಅವರನ್ನು ಮೆಕ್ಸಿಕೊಗೆ ಕಳುಹಿಸುವ ಮಾತೂ ನಡೆಯಿತು. ಈ ಅವಮಾನಕ್ಕಾಗಿ ಮರುಗಿದ ಸನ್ಯಾಸಿನಿಯೊಬ್ಬರಿಗೆ ಅವರು ಬರೆದ ಪತ್ರ ಉಳಿದುಕೊಂಡಿದೆ. ಇದನ್ನು ಮನುಷ್ಯರು ಮಾಡಿದರೆಂದು ಎಣಿಸದೆ ದೇವರ ಏರ್ಪಾಡೆಂದು ತಿಳಿಯುವಂತೆಯೂ, ಪ್ರೀತಿ ಕಾಣದ ಜಾಗಕ್ಕೆ ತಾನೇ ಪ್ರೀತಿಯನ್ನು ತಂದಿಡುವಂತೆಯೂ ಅದರಲ್ಲಿ ಅವರು ಆಕೆಗೆ ತಿಳಿಸಿದ್ದಾರೆ.

ಪೆನ್ಯುವೇಲಾ ಎಂಬ ಏಕಾಂತದ ಮಠದಲ್ಲಿದ್ದಾಗ ಜ್ವರ ಬಂದು ಕಾಲು ಊದಿಕೊಂಡಿತು. ಚಿಕಿತ್ಸೆಗೆ ಬಯೇಸಾಕ್ಕೆ ಹೋಗಬಹುದಿತ್ತು, ಅಲ್ಲಿ ಎಲ್ಲರೂ ಪರಿಚಿತರು. ಅವರು ಆರಿಸಿಕೊಂಡದ್ದು ತಮ್ಮನ್ನು ಯಾರೂ ಅರಿಯದ ಊಬೆದಾ ಪಟ್ಟಣವನ್ನು. ಸೆಪ್ಟೆಂಬರ್ 28ರಂದು ಹೇಸರಗತ್ತೆಯ ಮೇಲೆ ಹೊರಟರು. ದಾರಿಯಲ್ಲಿ ಗ್ವಾದಾಲಿಮಾರ್ ನದಿಯ ಸೇತುವೆಯ ಬಳಿ ವಿಶ್ರಮಿಸುವಾಗ, ಏನಾದರೂ ತಿನ್ನಲು ಮನಸ್ಸಿದೆಯೇ ಎಂದು ಸಂಗಾತಿ ಕೇಳಿದನು. ಆಸ್ಪರಾಗಸ್ ಚಿಗುರಾದರೆ ತಿಂದೇನು, ಆದರೆ ಅದರ ಕಾಲವಲ್ಲ ಎಂದು ಅವರು ಹೇಳಿದರಂತೆ. ನೋಡಿದರೆ ನದಿಯ ನಡುವಿನ ಬಂಡೆಯೊಂದರ ಮೇಲೆ ಒಂದು ಕಟ್ಟು ಇದ್ದಿತು! ಪವಾಡವೆಂದು ಸಂಗಾತಿಗೆ ಸಂಭ್ರಮ. ಯೊವಾನ್ನರು ಅದರ ಒಡೆಯನನ್ನು ಹುಡುಕಿಸಿದರು. ಯಾರೂ ಸಿಗದಿದ್ದಾಗ ಬೆಲೆಯ ನಾಣ್ಯಗಳನ್ನು ಆ ಬಂಡೆಯ ಮೇಲಿರಿಸಿ ಬರುವಂತೆ ಹೇಳಿದರು. ಪವಾಡಕ್ಕೂ ಹಣ ತೆತ್ತ ಸಂತರು ಇವರೊಬ್ಬರೇ ಇರಬೇಕು.

ಊಬೆದಾದ ಮಠಾಧಿಪತಿ ಫ್ರಾನ್ಸಿಸ್ಕೊ ಕ್ರಿಸೊಸ್ತೊಮೊ ಅವರಿಗೆ ಈ ರೋಗಿಯ ಮೇಲೆ ಹಳೆಯ ಸಿಟ್ಟಿತ್ತು. ಹಿಂದೆ ಯೊವಾನ್ನರು ಮೇಲಧಿಕಾರಿಯಾಗಿದ್ದಾಗ, ಪ್ರಸಂಗಕ್ಕೆಂದು ಊರೂರು ತಿರುಗುವುದನ್ನು ಕಡಿಮೆ ಮಾಡೆಂದು ಅವರಿಗೆ ಬುದ್ಧಿ ಹೇಳಿದ್ದರು. ಈಗ ಮಠಾಧಿಪತಿ ಔಷಧದ ಖರ್ಚಿಗೂ ಗೊಣಗಿದರು. ಶುಶ್ರೂಷೆ ಮಾಡುತ್ತಿದ್ದ ಸಹೋದರನನ್ನು ಆ ಕೆಲಸದಿಂದಲೇ ತೆಗೆದರು. ವೈದ್ಯರು ಕಾಲನ್ನು ಮೂಳೆ ಕಾಣುವಷ್ಟು ಸೀಳಿ ಕೀವು ತೆಗೆಯುತ್ತಿದ್ದ ದಿನಗಳಲ್ಲಿ ನಡೆದದ್ದಿದು. ಸುದ್ದಿ ತಲುಪಿ, ಆಗ ಪ್ರಾಂತ್ಯಾಧಿಕಾರಿಯಾಗಿದ್ದ ಮುದುಕ ಅಂತೋನಿಯೊ, ದುರುವೇಲೊಗೆ ಐದು ಗಡಿಯಾರ ಹೊತ್ತು ತಂದಿದ್ದ ಅದೇ ಅಂತೋನಿಯೊ, ಧಾವಿಸಿ ಬಂದು ಎಲ್ಲವನ್ನೂ ಸರಿಪಡಿಸಿದರು.

ಅದೇ ಹೊತ್ತಿಗೆ ದಿಯೇಗೊ ಎವಾಂಜೆಲಿಸ್ತಾ ಎಂಬ ಇನ್ನೊಬ್ಬ ಗುರು ಅಂದಲೂಸಿಯಾದ ಕನ್ಯಾಮಠಗಳನ್ನು ಸುತ್ತುತ್ತಾ ಯೊವಾನ್ನರ ನಡತೆಯ ಮೇಲೆ ಕಳಂಕ ಹೊರಿಸಲು ಸಾಕ್ಷ್ಯ ಕಲೆಹಾಕುತ್ತಿದ್ದರು. ಭಯಗೊಂಡ ಸನ್ಯಾಸಿನಿಯರೂ ಮಿತ್ರರೂ ತಮ್ಮ ಬಳಿಯಿದ್ದ ಅವರ ಪತ್ರಗಳನ್ನು ಸುಟ್ಟುಹಾಕಿದರು. ಚೀಲ ತುಂಬ ಇದ್ದ ಪತ್ರಗಳು ಹಾಗೆ ಬೂದಿಯಾದವು. ಇಂದು ನಮಗೆ ಉಳಿದಿರುವುದು ಕೆಲವು ಹತ್ತುಗಳಷ್ಟು ಮಾತ್ರ.

ಸಾಯುವ ಮುನ್ನ ಯೊವಾನ್ನರು ಆ ಮಠಾಧಿಪತಿಯನ್ನು ಹಾಸಿಗೆಯ ಬಳಿಗೆ ಕರೆಸಿಕೊಂಡರು. ಮಠಕ್ಕೆ ತನ್ನಿಂದಾದ ತೊಂದರೆ ಮತ್ತು ಖರ್ಚಿಗಾಗಿ ಕ್ಷಮೆ ಕೇಳಿ, ತನ್ನ ದೇಹಕ್ಕೆ ಹೊದಿಸಲು ಒಂದು ಹಳೆಯ ಉಡುಪನ್ನು ಧರ್ಮಾರ್ಥವಾಗಿ ಬೇಡಿದರು. ಮಠಾಧಿಪತಿ ಅಳುತ್ತಾ ಹೊರಗೆ ಹೋದರು. ಇದನ್ನು ಸಂತರ ಚರಿತ್ರೆಗಳ ಮಾಮೂಲಿ ಅಲಂಕಾರವೆಂದು ತಳ್ಳಿಹಾಕುವವರಿರಬಹುದು. ಆದರೆ ಕಹಿಯಾಗಲು ಇಷ್ಟೊಂದು ಕಾರಣಗಳಿದ್ದೂ ಕಹಿಯಾಗದ ಒಬ್ಬ ಮನುಷ್ಯನ ಎದುರು ನಿಂತಾಗ ಬೇರೇನು ಮಾಡಲು ಸಾಧ್ಯವಿತ್ತೆಂದು ನಾನು ಯೋಚಿಸಿದ್ದೇನೆ. ಡಿಸೆಂಬರ್ 13ರ ರಾತ್ರಿ ಸನ್ಯಾಸಿಗಳು ಮರಣಶಯ್ಯೆಯ ಪ್ರಾರ್ಥನೆಗಳನ್ನು ಓದತೊಡಗಿದಾಗ, ಅವು ಬೇಡ, ಪರಮಗೀತೆಯಿಂದ ಓದಿರೆಂದು ಅವರು ಕೇಳಿಕೊಂಡರು. ನಡುರಾತ್ರಿಯ ಪ್ರಾರ್ಥನೆಗೆ ಘಂಟೆ ಬಾರಿಸಿದಾಗ ಪ್ರಾಣ ಬಿಟ್ಟರು. ಅವರಿಗೆ 49 ವರ್ಷ.

ಗ್ರಾಸಿಯಾನರನ್ನು 1592ರಲ್ಲಿ ಸಭೆಯಿಂದ ಹೊರಹಾಕಲಾಯಿತು. ಯೊವಾನ್ನರ ಮೇಲಿನ ವಿಚಾರಣೆ ಅವರ ಸಾವಿನೊಡನೆ ತಣ್ಣಗಾಯಿತು. ಧರ್ಮಸಭೆ ಅವರನ್ನು 1675ರಲ್ಲಿ ಪುನೀತರೆಂದೂ 1726ರಲ್ಲಿ ಸಂತರೆಂದೂ ಘೋಷಿಸಿತು. 1926ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಔಷಧದ ಖರ್ಚಿಗೆ ಗೊಣಗಿದ್ದ ಊಬೆದಾದಲ್ಲಿ ಅವರ ದೇಹ ಬಹಳ ಕಾಲ ಇರಲಿಲ್ಲ. 1593ರಲ್ಲಿ ಸೆಗೋವಿಯಾದವರು ರಾತ್ರೋರಾತ್ರಿ ಗುಟ್ಟಾಗಿ ಅದನ್ನು ಸಾಗಿಸಿದರು. ಊಬೆದಾದವರು ಕೆರಳಿ ಪೋಪರವರೆಗೂ ದೂರು ಒಯ್ದರು. ಕೊನೆಗೆ ಕೆಲವು ಅವಯವಗಳನ್ನು ಊಬೆದಾಕ್ಕೆ ಮರಳಿಸುವ ಒಪ್ಪಂದವಾಗಿ ಎರಡೂ ಊರುಗಳು ಸುಮ್ಮನಾದವು. ಸುಟ್ಟುಹೋದ ಪತ್ರಗಳನ್ನು ಮಾತ್ರ ಯಾರೂ ಮರಳಿಸಲಾಗಲಿಲ್ಲ.